ಪಂಕ್ತಿಗೆ ಬಂದ ಬ್ರೂನೋ

ಏಪ್ರಿಲ್‌ನಲ್ಲಿ ಶಾಲೆಗಳು ಬಾಗಿಲು ಹಾಕಿದವೆಂದರೆ ಬೆಂಗಳೂರಿನ ಕಾರುಗಳು ಮಲೆನಾಡಿನ ಕಡೆ ಮೂತಿ ತಿರುಗಿಸುತ್ತವೆ. ಹಿಂದೆ ಕಾರಿನಿಂದ ಮಕ್ಕಳು, ಬ್ಯಾಗು, ಹಪ್ಪಳ ತುಂಬಿಸಿಕೊಂಡು ಹೋಗಲು ಖಾಲಿ ಡಬ್ಬಿಗಳು ಇಳಿಯುತ್ತಿದ್ದವು. ಈಗ ಮೊದಲು ಇಳಿಯುವುದು ನಾಯಿ. ಅದರ ಹಿಂದೆಯೇ ಅದರ ಹಾಸಿಗೆ, ಅದರ ತಟ್ಟೆ, ಅದರ ಊಟದ ವೇಳಾಪಟ್ಟಿ. ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಹೀಗೆ ಬಿಜಯಂಗೈಯುವ ಲ್ಯಾಬ್ರಡಾರ್ ಬ್ರೂನೋನನ್ನು ಮನೆಯ ನಾಯಿ ಕರಿಯ ಒಂದೇ ಕಣ್ಣು ತೆರೆದು ನೋಡಿ, ಅದನ್ನೂ ಮುಚ್ಚಿಕೊಳ್ಳುತ್ತಾನೆ.

ಕರಿಯನಿಗೆ ಬೇಸಿಗೆಯ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಬಿಸಿಲೇರುತ್ತಲೇ ಬಚ್ಚಲ ನೀರು ಹೋಗುವ ಬಾಳೆಬುಡಕ್ಕೆ ನಡೆದು, ಮುಂಗಾಲಿನಲ್ಲಿ ಪರಪರ ಕೆರೆದು, ತನ್ನಳತೆಗೆ ಗುಂಡಿ ಮಾಡಿ, ಹಸಿ ಮಣ್ಣಿಗೆ ಹೊಟ್ಟೆ ಒತ್ತಿ ಮಲಗುತ್ತಾನೆ. ಹೊಟ್ಟೆಯ ಕಡೆ ಕೂದಲು ಕಡಿಮೆ, ತಂಪು ಬೇಗ ಹತ್ತುತ್ತದೆ. ನಾಯಿಗಳಿಗೆ ನಮ್ಮ ಹಾಗೆ ಮೈತುಂಬ ಬೆವರುವ ಭಾಗ್ಯವಿಲ್ಲ. ಅಂಗಾಲಿನಲ್ಲಿ ಒಂದಿಷ್ಟು ಬೆವರು, ಮಿಕ್ಕ ಸೆಕೆಯೆಲ್ಲ ನಾಲಿಗೆ ಚಾಚಿ ತೇಕುತ್ತಲೇ ಹೊರಹೋಗಬೇಕು. ಮೂತಿಯೇ ಚಪ್ಪಟೆಯಾದ ಪಗ್‌ಗೆ ಅದೂ ತ್ರಾಸು. 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಪುಟುಪುಟು ಓಡಿದ ಪಗ್‌ ಕಂಡು ಊರೆಲ್ಲ ಮರುಳಾಯಿತು. ಮೇ ತಿಂಗಳ ಮಧ್ಯಾಹ್ನ ಅದು ಓಡಬಾರದು ಎಂದು ಜಾಹೀರಾತಿನವರು ಯಾಕೆ ಹೇಳುತ್ತಾರೆ?

ಬ್ರೂನೋ ಮಾತ್ರ ಕಾದ ಸಿಮೆಂಟಿನ ಅಡಿಕೆ ಅಂಗಳದಲ್ಲಿ ಮಕ್ಕಳ ಚೆಂಡು ಹೆಕ್ಕಿ ತರುವ ಕೆಲಸಕ್ಕೆ ನಿಲ್ಲುತ್ತಾನೆ. ಲ್ಯಾಬ್ರಡಾರ್‌ಗೆ 'ಸಾಕು' ಎಂಬುದೇ ಇಲ್ಲ, ಬೀಳುವವರೆಗೂ ಚೆಂಡು ತರುತ್ತದೆ. ಅಂಗೈಯ ಹಿಂಭಾಗವನ್ನು ನೆಲಕ್ಕೆ ಒತ್ತಿ ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆ ನೆಲ ಆಗದು ಎಂದು ಅತ್ತಿಗೆ ಹೇಳಿದಾಗ, ಚಿಕ್ಕಪ್ಪ ಪಂಥಕ್ಕೆ ಬಿದ್ದವರಂತೆ ಕೈಯಿಟ್ಟರು. ಮೂರಕ್ಕೇ ಎಳೆದುಕೊಂಡು, 'ನಾನು ಬೇಗ ಬೇಗ ಎಣಿಸಿದೆ' ಎಂದರು. ನಾಯಿಯ ಮೈಬಿಸಿ ಮಾಮೂಲಾಗಿಯೇ 38-39 ಡಿಗ್ರಿ ಸೆಲ್ಸಿಯಸ್ ಇರುತ್ತದೆ, 41 ದಾಟಿದರೆ ಜೀವಕ್ಕೆ ಸಂಚಕಾರ. ಜೊಲ್ಲು ದಾರದಂತೆ ಇಳಿದು, ವಸಡು ಕೆಂಪೇರಿ, ನಡಿಗೆ ತೂರಾಡಿದರೆ ನೆರಳಿಗೆಳೆದು, ಮೈಮೇಲೆ ನೀರು ಸುರಿಯುತ್ತ, ಗಾಳಿ ಹಾಕುತ್ತ ಡಾಕ್ಟರ ಬಳಿಗೆ ಹೊರಡಬೇಕು. ಒದ್ದೆ ಟವೆಲ್ ಹೊದಿಸಿ ಕೈತೊಳೆದುಕೊಂಡರೆ ಸಾಲದು. ಆ ಟವೆಲ್ಲೇ ಸ್ವಲ್ಪ ಹೊತ್ತಿಗೆ ಕಂಬಳಿಯ ಕೆಲಸ ಶುರು ಮಾಡುತ್ತದೆ.

ಆದರೆ ಬಿಸಿಲಿಗಿಂತ ನನಗೆ ಹೆದರಿಕೆ ನೆಂಟರ ಪ್ರೀತಿಯದು. ಬಿಸಿಲು ನಾಲ್ಕಕ್ಕೆ ಇಳಿಯುತ್ತದೆ. ಪ್ರೀತಿಗೆ ಹಾಗೆ ಹೊತ್ತುಗೊತ್ತಿಲ್ಲ. ಚಪ್ಪರದಡಿ ಬಾಳೆಲೆ ಹಾಕಿ ಜನ ಕೂತರೆಂದರೆ ಬ್ರೂನೋ ಪಂಕ್ತಿಯುದ್ದಕ್ಕೂ ತಪಾಸಣೆಗೆ ಹೊರಡುತ್ತಾನೆ. 'ಒಂದೇ ಒಂದು ಚೂರು ಕಣೇ, ಪಾಪದ್ದು ಬಾಯಿ ನೋಡ್ತಾ ಇದೆ' ಎನ್ನುತ್ತಾರೆ ಅತ್ತೆ. ಅತ್ತೆಯದು ಒಂದೇ ಚೂರು, ನಿಜ. ಪಂಕ್ತಿಯಲ್ಲಿ ಕೂತವರೆಲ್ಲರದೂ ಒಂದೊಂದೇ ಚೂರು. ಪಾಯಸದೊಳಗಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು. ಈರುಳ್ಳಿ ಬೆಂದಿದ್ದರೂ ಸರಿ, ಹಸಿಯಾದರೂ ಸರಿ, ನಾಯಿಯ ರಕ್ತಕಣ ಒಡೆಯುತ್ತದೆ. ಚೀಪಿ ಎಸೆದ ಮಾವಿನ ವಾಟೆಯನ್ನು ಇಡಿಯಾಗಿ ನುಂಗಿದರೆ ಕರುಳಿನಲ್ಲಿ ಸಿಕ್ಕಿ ಆಪರೇಷನ್ನೇ ಗತಿ. ಇದನ್ನೆಲ್ಲ ಹೇಳಿದರೆ ದೊಡ್ಡಪ್ಪ, 'ಮೂವತ್ತು ವರ್ಷದಿಂದ ಈ ಮನೆಯಲ್ಲಿ ನಾಯಿಗೆ ಎಲ್ಲಾ ಹಾಕಿದೀವಿ, ಏನೂ ಆಗಿಲ್ಲ' ಎನ್ನುತ್ತಾರೆ. ಆ ಮೂವತ್ತು ವರ್ಷದಲ್ಲಿ ನಾಯಿಗಳು ಎಷ್ಟಾದವು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ಅಣ್ಣನ ಮಗಳು ಒಂದು ಉಪಾಯ ಮಾಡಿದಳು. 'ನನ್ನ ಊಟ ಆಗಿದೆ' ಎಂದು ರಟ್ಟಿನ ಮೇಲೆ ಬರೆದು ಬ್ರೂನೋ ಕೊರಳಿಗೆ ಕಟ್ಟಿದಳು. ಅತ್ತೆ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿ, 'ಊಟ ಆಗಿದೆ ಅಂತ ಇದೆ, ತಿಂಡಿ ಆಗಿದೆ ಅಂತ ಇಲ್ಲವಲ್ಲ' ಎಂದು ಹಪ್ಪಳ ಮುರಿದು ಹಾಕಿದರು. ರಟ್ಟನ್ನು ಸಂಜೆಯೊಳಗೆ ಬ್ರೂನೋನೇ ತಿಂದ.

ಸಂಜೆ ತೋಟ ಸುತ್ತಿ ಬಂದವನ ಕಿವಿಯ ಮಡಿಕೆ, ಬೆರಳ ಸಂದಿ ಬಿಡಿಸಿ ಉಣುಗು ಹೆಕ್ಕುವುದೂ ಒಂದು ಕೆಲಸ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಪತ್ತೆಯಾದಂದಿನಿಂದ ಈ ಸೀಮೆಯವರು ಉಣುಗನ್ನು ಹಗುರವಾಗಿ ಕಂಡವರಲ್ಲ. ಕತ್ತಲಾದ ಮೇಲೆ ನಾಯಿಗಳನ್ನು ಒಳಗೆ ಸೇರಿಸುವುದು ಚಿರತೆಯ ಲೆಕ್ಕ. ಇದರಲ್ಲಿ ಮಾತ್ರ ಅತ್ತೆ, ದೊಡ್ಡಪ್ಪ, ಅತ್ತಿಗೆ ಎಲ್ಲರದೂ ಒಂದೇ ಮಾತು.

ಏನಾದರೂ ಆದರೆ ಎಂದು ಪಶು ಸಹಾಯವಾಣಿಯ ನಂಬರ್ ನೆನಪಿಡುವ ಹೊಣೆ ದೊಡ್ಡಪ್ಪನದು. 1962. ಚೀನಾ ಯುದ್ಧದ ಇಸವಿ, ಮರೆಯುವ ಪ್ರಶ್ನೆಯೇ ಇಲ್ಲ ಎನ್ನುತ್ತಾರೆ. ತೊಂದರೆಯೆಂದರೆ, ನಂಬರ್ ಕೇಳಿದವರಿಗೆ ಅವರು ನೆಹರೂ, ಕೃಷ್ಣ ಮೆನನ್‌ರನ್ನು ದಾಟಿಸಿಯೇ ಅದನ್ನು ಕೊಡುವುದು. ಅದಕ್ಕೇ ಅತ್ತಿಗೆ ಕ್ಯಾಲೆಂಡರಿನ ಮೇಲೂ ಬರೆದಿಟ್ಟಿದ್ದಾಳೆ.