ಎಚ್‌ಆರ್ ಮಡಿ

ಬೆಂಗಳೂರಿನ ಎಚ್‌ಆರ್ ಸಾಹೇಬರ ಮಡಿ ನೋಡಿ. ಸಂದರ್ಶನ ಜೂಮ್‌ನಲ್ಲಿ. ಆಫರ್ ಲೆಟರ್ ಮೇಲ್‌ನಲ್ಲಿ. ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ. ವಾರಕ್ಕೆ ಮೂರು ದಿನ ಕೆಲಸವೂ ಮನೆಯಿಂದಲೇ. ಎಂಬಿಎ ಮಾತ್ರ ಬೆಂಚಿನ ಮೇಲೆ ಕೂತೇ ಮಾಡಿರಬೇಕು!

"ರೆಗ್ಯುಲರ್ರಾ, ಆನ್‌ಲೈನಾ?"

ಆನ್‌ಲೈನ್ ಅಂದಿರೋ, "ತಿಳಿಸ್ತೀವಿ" ಅಂತಾರೆ. ತಿಳಿಸುವುದಿಲ್ಲ.

ಯುಜಿಸಿ 2022ರ ಸೆಪ್ಟೆಂಬರ್‌ನಲ್ಲೇ ಸಾರಿದೆ: ಮಾನ್ಯತೆ ಇರುವ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿಯೂ ತರಗತಿಯ ಪದವಿಯೂ ಸಮಾನ. ಕಾಗದದ ಮೇಲಿನ ಸಮಾನತೆ ನಮಗೇನು ಹೊಸದೇ? ಆ ಮಾನ್ಯತೆಯ ಆಯಸ್ಸು ತಿಳಿಯಬೇಕಾದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದಿದವರನ್ನು ಕೇಳಿ. ರಾಜ್ಯದಾಚೆ ಕೇಂದ್ರ ತೆರೆದು ನಿಯಮ ಮುರಿದದ್ದು ವಿವಿ. 2015ರಲ್ಲಿ ಮಾನ್ಯತೆ ಹೋಯಿತು, 2018ರಲ್ಲಿ ಬಂತು. ನಡುವೆ ಸರ್ಟಿಫಿಕೇಟ್ ಹಿಡಿದು ಅಲೆದದ್ದು ವಿದ್ಯಾರ್ಥಿಗಳು.

ಕೊರೊನಾ ಕಾಲ ಇಷ್ಟು ಬೇಗ ಮರೆತುಹೋಯಿತೇ? ಕ್ಯಾಂಪಸ್ಸಿಗೆ ಬೀಗ. ಲಕ್ಷ ಲಕ್ಷ ಫೀಸು ಕಟ್ಟಿದ ಹುಡುಗರು ಕ್ಯಾಮೆರಾ ಆಫ್ ಮಾಡಿ, ಹೊದ್ದು ಮಲಗಿ ಮಾರ್ಕೆಟಿಂಗ್ ಕಲಿತರು. ಅದು ರೆಗ್ಯುಲರ್. ರಾಯಚೂರಿನಲ್ಲಿ ಹಗಲೆಲ್ಲ ದುಡಿದು, ರಾತ್ರಿ ಎದ್ದು ಕೂತು ಅದೇ ಪಾಠ ಕೇಳಿದವಳದು ಆನ್‌ಲೈನ್. ಅವಳಿಗೆ "ತಿಳಿಸ್ತೀವಿ."

ಬನ್ನೇರುಘಟ್ಟ ರಸ್ತೆಯ ಐಐಎಂ ಶುರುವಾದದ್ದು 1973ರಲ್ಲಿ. ನಾಲ್ಕು ದಶಕ ಅದು ಎಂಬಿಎ ಕೊಡಲೇ ಇಲ್ಲ. ಕೊಟ್ಟದ್ದು ಡಿಪ್ಲೊಮಾ. ಪದವಿ ಕೊಡುವ ಅಧಿಕಾರ ಬಂದದ್ದು 2017ರ ಐಐಎಂ ಕಾಯ್ದೆಯಿಂದ. ಅಷ್ಟೂ ವರ್ಷ ಯಾವ ಎಚ್‌ಆರ್‌ಗಾದರೂ ಮೈಲಿಗೆ ಆಯಿತೇ? ಹುಡುಗ ಕ್ಯಾಟ್ ದಾಟಿದ್ದಾನೆ, ಮುಗೀತು. ಕಂಪನಿಗೆ ಬೇಕಿದ್ದದ್ದು ಗೇಟಿನಲ್ಲಿ ಹಿಡಿದ ಜರಡಿ. ಒಳಗಿನ ಎರಡು ವರ್ಷದ ಪಾಠ ಯಾರಿಗೆ ಬೇಕು! ಈಗ ಅದೇ ಐಐಎಂ ಆನ್‌ಲೈನ್ ಬಿಬಿಎ ನಡೆಸುತ್ತಿದೆ. ಅಲ್ಲಿಂದ ಬಂದವರಿಗೂ "ತಿಳಿಸ್ತೀವಿ" ಅನ್ನುವ ಧೈರ್ಯ ಇದೆಯೋ, ನೋಡೋಣ.

ಹಾಗಂತ ಆನ್‌ಲೈನ್ ಅಂಗಡಿಯವರೇನು ಸತ್ಯಹರಿಶ್ಚಂದ್ರರಲ್ಲ. ಒಂದು ಸಲ ನಂಬರ್ ಕೊಟ್ಟು ನೋಡಿ. ಬಚ್ಚಲಿಗೆ ಹೋದರೂ ಬಿಡುವುದಿಲ್ಲ. "ಇವತ್ತೇ ಲಾಸ್ಟ್ ಡೇಟ್ ಸರ್, ಇಎಂಐ ಇದೆ ಸರ್." ಕೆಲಸ ಕೊಡಿಸ್ತೀರಾ? "ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್ ಇದೆ ಸರ್." ದುಡ್ಡು ಕಟ್ಟಿದ ಮೇಲೆ ಸಿಗುವುದು ರೆಸ್ಯುಮೆ ಬರೆಯುವುದು ಹೇಗೆಂಬ ವಿಡಿಯೊ.

ಕ್ಯಾಂಪಸ್ಸಿನವರು ಕಡಿಮೆಯೇ? ಹೆದ್ದಾರಿಯ ಹೋರ್ಡಿಂಗ್ ತುಂಬ ನೂರಕ್ಕೆ ನೂರು ಪ್ಲೇಸ್‌ಮೆಂಟ್. ದೊಡ್ಡ ಪ್ಯಾಕೇಜು ಒಬ್ಬನಿಗೆ, ಫೋಟೊ ಎಲ್ಲರದ್ದು. ಉಳಿದವರು ಟೈ ಕಟ್ಟಿಕೊಂಡು ಮಾಲ್‌ನಲ್ಲಿ ಕ್ರೆಡಿಟ್ ಕಾರ್ಡ್ ಮಾರುತ್ತಾರೆ. ಪಕ್ಕದಲ್ಲೇ ಪಿಯುಸಿ ಮುಗಿಸಿದ ಹುಡುಗ ನಿಂತಿದ್ದಾನೆ. ಅದೇ ಕಾರ್ಡು, ಅದೇ ಟಾರ್ಗೆಟ್ಟು. ಶಿಕ್ಷಣ ಸಾಲ ಮಾತ್ರ ಅವನಿಗಿಲ್ಲ.