ಬದಲಿ ಸಿಮ್ ಮಹಾಶಯರಿಗೊಂದು ಬಹಿರಂಗ ಪತ್ರ

ಇಂದ,
ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಅಂಗಡಿ-ಮನೆಗಳಲ್ಲಿ ಏಣಿ ಹತ್ತಿ ಇಳಿಯುವ ಒಬ್ಬ ನೆಟ್‌ವರ್ಕ್ ಕೆಲಸಗಾರ

ಇವರಿಗೆ,
ರೂಟರಿನ ಹಿಂಬದಿಯ ಕಿಂಡಿಯಲ್ಲಿ ವಾಸವಾಗಿರುವ ಬದಲಿ ಸಿಮ್

ಮಾನ್ಯರೇ,

ತಮ್ಮ ಮೇಲೆ ಊರಿಗೆ ಊರೇ ಸಿಟ್ಟಾಗಿದೆ. ಮಳೆಗಾಲದಲ್ಲಿ ಫೈಬರ್ ಹೋದಾಗ ತಾವು ಕೈಹಿಡಿಯಬೇಕಿತ್ತು, ಹಿಡಿಯಲಿಲ್ಲ ಎಂಬುದು ದೂರು. ಉಡುಪಿ ಪೇಟೆಯ ಹೋಟೆಲಿನ ಧಣಿಗಳು ತಮ್ಮನ್ನು 'ದಂಡಪಿಂಡ' ಎಂದರು. ಕಾಪುವಿನ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವ ಹುಡುಗ ಅಂದದ್ದು ತುಳುವಿನಲ್ಲಿ. ಅದನ್ನು ಅಚ್ಚು ಹಾಕುವಂತಿಲ್ಲ. ತಮಗೋ ಬಾಯಿಲ್ಲ. ಹಾಗಾಗಿ ತಮ್ಮ ವಕಾಲತ್ತನ್ನು ನಾನೇ ವಹಿಸಿಕೊಂಡಿದ್ದೇನೆ, ಫೀಸಿಲ್ಲದೆ.

ಮೊದಲು ಹೋಟೆಲಿನ ವಿಷಯ. ತಮ್ಮನ್ನು ರೂಟರಿಗೆ ತುರುಕಿಸಿದ ದಿನ ಧಣಿಗಳು 28 ದಿನದ ಒಂದು ಪ್ಯಾಕ್ ಹಾಕಿಸಿದರು. ಆಮೇಲೆ ಮರೆತರು. 'ವ್ಯಾಲಿಡಿಟಿ ಮುಗಿಯುತ್ತಿದೆ, ರೀಚಾರ್ಜ್ ಮಾಡಿ' ಎಂಬ ಮೆಸೇಜುಗಳು ತಪ್ಪದೆ ಬಂದವು. ಯಾರಿಗೆ? ತಮಗೇ. ಕ್ಯಾಶ್ ಕೌಂಟರಿನ ಮೇಲಿನ ಗಣಪತಿ ಪಟದ ಹಿಂದೆ, ಜಿಡ್ಡು ಹಿಡಿದ ಡಬ್ಬಿಯೊಳಗೆ, ಓದುವವರಿಲ್ಲದೆ ರಾಶಿ ಬಿದ್ದವು. 90 ದಿನ ಬಳಕೆಯಿಲ್ಲದೆ, ಖಾತೆಯಲ್ಲಿ 20 ರೂಪಾಯಿಯೂ ಇಲ್ಲದೆ ಬಿದ್ದಿರುವ ನಂಬರನ್ನು ಕಂಪನಿಯವರು ರದ್ದು ಮಾಡಬಹುದೆಂದು ನಿಯಮವೇ ಉಂಟು. ಸತ್ತು ವರ್ಷವಾದವನನ್ನು ಇವತ್ತು ಕೆಲಸಕ್ಕೆ ಬರಲಿಲ್ಲ ಎಂದು ಬೈದರೆ ಹೇಗೆ ಮಾರಾಯ್ರೆ?

ಅಂದಹಾಗೆ ಫೈಬರ್ ಹೋದ ದಿನ ಆ ಹೋಟೆಲಿನಲ್ಲಿ ಬಾಯಿ ಮುಚ್ಚದೆ ಕೂತದ್ದು ಯುಪಿಐ ಸೌಂಡ್‌ಬಾಕ್ಸ್ ಒಂದೇ. ಬಿಲ್ಲಿಂಗ್ ಕಂಪ್ಯೂಟರ್ ನಿಂತಿತ್ತು, ಪಾರ್ಸೆಲ್ ಆರ್ಡರು ನಿಂತಿತ್ತು, ಅದು ಮಾತ್ರ 'ಎಪ್ಪತ್ತು ರೂಪಾಯಿ ಬಂದಿದೆ' ಎಂದು ಕೂಗುತ್ತಲೇ ಇತ್ತು. ಅದರ ಹೊಟ್ಟೆಯಲ್ಲೂ ತಮ್ಮ ದಾಯಾದಿಯೊಬ್ಬರಿದ್ದಾರೆ. ಅದರ ಬಾಡಿಗೆ ಧಣಿಗಳನ್ನು ಕೇಳದೆಯೇ ತಿಂಗಳು ತಿಂಗಳು ಖಾತೆಯಿಂದ ಹೋಗುತ್ತದೆ. ಬದುಕಿ ಉಳಿದ ಗುಟ್ಟು ಅಷ್ಟೇ.

ಕಾರ್ಕಳದ ಕ್ಲಿನಿಕ್ಕಿನಲ್ಲಿ ರೀಚಾರ್ಜ್ ಇತ್ತು, ಸಿಗ್ನಲ್ಲೂ ಇತ್ತು. ತಮ್ಮನ್ನು ಕರೆದವರೇ ಇಲ್ಲ. ಫೈಬರ್ ಡಬ್ಬಿಯಲ್ಲಿ ಕೆಂಪು ಲೈಟ್ ಮಿಣುಕುತ್ತಿತ್ತು. ಆ ಡಬ್ಬಿಯಿಂದ ರೂಟರಿಗೆ ಬರುವ ಮೊಳದುದ್ದದ ವಯರು ಮಾತ್ರ ಗಟ್ಟಿಯಾಗಿಯೇ ಇತ್ತು. ರೂಟರ್ ನೋಡುವುದು ಆ ಮೊಳವನ್ನಷ್ಟೇ. ಅದರಾಚೆ ಬಜಗೋಳಿ ಕಡೆಯ ರಸ್ತೆಯಲ್ಲಿ ಮರ ಬಿದ್ದು ಕಂಬ ಮುರಿದಿದೆ ಎಂದು ಅದಕ್ಕೆ ಹೇಳುವವರು ಯಾರು? ಐದು ಸೆಕೆಂಡಿಗೊಮ್ಮೆ 8.8.8.8ಕ್ಕೂ 1.1.1.1ಕ್ಕೂ ಪಿಂಗ್ ಮಾಡು, ಎರಡೂ ಕಡೆಯಿಂದ ಮೂರು ಸಲ ಉತ್ತರ ಬಾರದಿದ್ದರೆ ಸಿಮ್ಮಿಗೆ ತಿರುಗು, ಫೈಬರ್ ಬಂದ ಕೂಡಲೇ ಓಡಿಹೋಗದೆ ನಾಲ್ಕು ನಿಮಿಷ ಕಾದು ನೋಡು ಎಂದು ಸೆಟ್ಟಿಂಗಿನಲ್ಲಿ ಬರೆದಿಡಬೇಕು. ಡಾಕ್ಟರು ಕೊಟ್ಟ ದುಡ್ಡಿಗೆ ಆ ಸೌಲಭ್ಯ ರೂಟರಿನಲ್ಲಿತ್ತು. ಟಿಕ್ ಹಾಕಿದವರಿರಲಿಲ್ಲ.

ಇನ್ನು ಕಾಪುವಿನ ಹುಡುಗ. ಮನೆಯ ಗೋಡೆ ಮುರಕಲ್ಲಿನದು. ಮಳೆಗೆಂದು ಟೆರೇಸಿನ ಉದ್ದಕ್ಕೂ ತಗಡಿನ ಶೀಟು. ತಮ್ಮನ್ನು ಇಟ್ಟದ್ದು ಒಳಕೋಣೆಯ ಕಬ್ಬಿಣದ ಕಪಾಟಿನ ಹಿಂದೆ, 'ಹಾಲಿನಲ್ಲಿ ಚಂದ ಕಾಣುವುದಿಲ್ಲ' ಎಂದು ಅಮ್ಮ ಹೇಳಿದ್ದಕ್ಕೆ. ಅದೇ ಊರಿನ ದೀಪಸ್ತಂಭ 1901ರಿಂದ ಬಂಡೆಯ ನೆತ್ತಿಯಲ್ಲಿ ನಿಂತು ಕಡಲಿಗೆ ಬೆಳಕು ಕೊಡುತ್ತಿದೆ. ಅದನ್ನು ಕಪಾಟಿನ ಹಿಂದೆ ಇಡುವ ಬುದ್ಧಿ ಬ್ರಿಟಿಷರಿಗೂ ಹೊಳೆಯಲಿಲ್ಲ. ರೂಟರಿನ ಪುಟ ತೆರೆದು ಸಿಗ್ನಲ್ಲಿನ ಬಲ ತೋರಿಸುವ ಆರ್‌ಎಸ್‌ಆರ್‌ಪಿ ನೋಡಿದೆ: -118. ಅಷ್ಟಕ್ಕೆ ಇಳಿದರೆ ವಿಡಿಯೊ ಮೀಟಿಂಗು ಗೋವಿಂದ. ಡಬ್ಬಿಯನ್ನು ಪೂರ್ವದ ಕಿಟಕಿಗೆ ತಂದು, ಶೀಟಿನಾಚೆ ಒಂದು ಆಂಟೆನಾ ಹಾಕಿದ್ದಕ್ಕೆ -92ಕ್ಕೆ ಬಂತು. ಅಮ್ಮನವರು ಈಗಲೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ.

ತಾವು ನಿಜಕ್ಕೂ ಎದ್ದು ನಿಂತ ಕಡೆಯೂ ಒಂದುಂಟು, ಅಲ್ಲೇ ಹತ್ತಿರದ ಬಟ್ಟೆ ಅಂಗಡಿ. ಅಲ್ಲಿ ತಮ್ಮ ಹೆಗಲೇರಿದ್ದು ನಾಲ್ಕು ಸಿಸಿಟಿವಿ ಕ್ಯಾಮೆರಾ. ಒಂದೊಂದಕ್ಕೆ 2 ಎಂಬಿಪಿಎಸ್ ಎಂದರೆ ಗಂಟೆಗೆ ಒಟ್ಟು 3.6 ಜಿಬಿ. ದಿನದ 2 ಜಿಬಿ ಸುಮಾರು ಅರ್ಧ ಗಂಟೆಯಲ್ಲಿ ಖಾಲಿ, ಆಮೇಲೆ 64 ಕೆಬಿಪಿಎಸ್ಸಿನ ತೆವಳಾಟ. ದುಬೈಯಲ್ಲಿರುವ ಮಗ ಅಂಗಡಿಯ ಬಾಗಿಲು ನೋಡಲೆಂದು ಅಂಗಡಿಯೊಳಗಿನ ಬಿಲ್ಲು ನಿಂತಿತು. ಸಿಮ್ಮಿನ ಮೇಲೆ ಓಡುವಾಗ ಬಿಲ್ಲಿಂಗಿಗೆ ಮಾತ್ರ ದಾರಿ ಬಿಟ್ಟು ಕ್ಯಾಮೆರಾ, ವಿಂಡೋಸ್ ಅಪ್‌ಡೇಟು, ಹುಡುಗರ ರೀಲ್ಸು ಎಲ್ಲಕ್ಕೂ ಬಾಗಿಲು ಹಾಕಿದೆ. ದುಬೈಯಿಂದ ಫೋನ್ ಬಂತು. ಕ್ಯಾಮೆರಾಕ್ಕೆ ದಾರಿ ಬಿಟ್ಟರೆ ಬಿಲ್ಲು ನಿಲ್ಲುತ್ತದೆ ಎಂದು ವಿವರಿಸಿದೆ. ನಂಬಿದ ಹಾಗೆ ಕಾಣಲಿಲ್ಲ.

ಮಣಿಪಾಲದ ಬುದ್ಧಿವಂತರ ಕತೆಯೇ ಬೇರೆ. 'ನನಗೆ ಸಿಮ್ ಗಿಮ್ ಬೇಡ, ಎರಡು ಕಂಪನಿಯ ಫೈಬರ್ ಉಂಟು' ಎಂದರು. ಹೊರಗೆ ಹೋಗಿ ನೋಡಿದರೆ ಎರಡೂ ಒಂದೇ ಕಂಬದಿಂದ, ಒಂದೇ ಕೇಬಲ್ ಟೈಯಲ್ಲಿ ಅಪ್ಪಿಕೊಂಡು ಬಂದಿವೆ. ಹೆದ್ದಾರಿ ಅಗಲ ಮಾಡುವ ಯಂತ್ರ ಪರ್ಕಳದ ಕಡೆ ಕೈ ಎತ್ತಿದ ದಿನ ಎರಡೂ ಒಟ್ಟಿಗೇ ಹೋದವು. ಬಿಲ್ ಮಾತ್ರ ಬೇರೆ ಬೇರೆ ಬಂತು. ಅಗೆಯುವ ಮೊದಲು ಕೇಳಿ ಎಂದು ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿತ್ತು. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಫೈಬರ್ ಕಟ್ ಆಗುತ್ತವೆ ಎಂಬುದು ಸರ್ಕಾರವೇ ಕೊಟ್ಟ ಲೆಕ್ಕ. ನಮ್ಮ ಕಡೆಯೂ ಫೋನ್ ಹೋಗುತ್ತದೆ, ಅಗೆದಾದ ಮೇಲೆ.

ತಮಗೂ ಅಹಂಕಾರ ಬೇಡ. ತಮ್ಮ ಟವರು ಅನೇಕ ಕಡೆ ಅದೇ ರಸ್ತೆಬದಿಯ ಫೈಬರನ್ನೇ ನಂಬಿ ನಿಂತಿದೆ. ಕರೆಂಟ್ ಹೋಗಿ, ಬ್ಯಾಟರಿ ಇಳಿದು, ಡೀಸೆಲ್ಲೂ ಮುಗಿದರೆ ತಾವೂ ಮೌನಿ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಕರಾವಳಿಯ ಕಂಬಗಳನ್ನು ಮಲಗಿಸಿದ್ದು ನೆನಪಿರಬಹುದು. ಅದಕ್ಕೇ ಫೈಬರ್ ಒಂದು ಕಂಪನಿಯದ್ದಾದರೆ ಸಿಮ್ ಇನ್ನೊಂದರದ್ದಿರಲಿ. ಭಾವನ ಫೋನಿನಲ್ಲಿ ಯಾವುದು ಸಿಗುತ್ತದೆ ಎಂದು ಕೇಳಿ ತರುವುದಲ್ಲ, ನಿಮ್ಮ ಕಿಟಕಿಯಲ್ಲಿ ಯಾವುದು ಸಿಗುತ್ತದೆ ಎಂದು ನೋಡಿ ತನ್ನಿ ಎಂದು ಹೇಳುತ್ತಲೇ ಬಂದಿದ್ದೇನೆ. ಫೈಬರ್ ಡಬ್ಬಿಗೂ ರೂಟರಿಗೂ 12 ವೋಲ್ಟಿನ ಸಣ್ಣ ಯುಪಿಎಸ್ ಸಾಕು. ಮನೆಯ ಇನ್ವರ್ಟರಿನಲ್ಲಿ ಫ್ಯಾನು, ಟಿವಿ, ಮೀನಿನ ತೊಟ್ಟಿಯ ಮೋಟಾರು ಎಲ್ಲ ಉಂಟು; ರೂಟರಿನ ಪ್ಲಗ್ ಮಾತ್ರ ಹೊರಗೆ.

ಹೋಟೆಲಿನಲ್ಲಿ ಈಗ ತಮ್ಮ ಜಾಗಕ್ಕೆ ಹೊಸ ಸಿಮ್ ಬಂದಿದೆ. ವರ್ಷದ ಪ್ಯಾಕ್ ಹಾಕಿಸಿದ್ದೇನೆ, ಮೆಸೇಜುಗಳು ಧಣಿಗಳ ಮಗಳ ಫೋನಿಗೆ ಹೋಗುವ ಹಾಗೆ ಮಾಡಿದ್ದೇನೆ. ಬರುವ ಶನಿವಾರ, ಮಧ್ಯಾಹ್ನದ ಊಟದ ರಶ್ ಇರುವಾಗಲೇ, ಫೈಬರ್ ವಯರನ್ನು ನಾನೇ ಕೀಳುವವನಿದ್ದೇನೆ. ಧಣಿಗಳಿಗೆ ಹೇಳಿಲ್ಲ. ತಾವೂ ಆ ಹೊಸಬರಿಗೆ ಹೇಳಬೇಡಿ.

ಇತಿ ತಮ್ಮ ವಿಶ್ವಾಸಿ,
ಏಣಿಯವನು