ಒಬ್ಬರೇಯಾ?

ಈಚೆಗೆ ಸೋಲೋ ಟ್ರಿಪ್ ಎಂಬುದೊಂದು ಹೊಸ ವ್ರತ ಚಾಲ್ತಿಗೆ ಬಂದಿದೆ. ಇದನ್ನು ಆಚರಿಸಿದವರು ತಮ್ಮನ್ನು ತಾವು ಕಂಡುಕೊಳ್ಳುತ್ತಾರಂತೆ. ನಮ್ಮ ಕಚೇರಿಯ ಹುಡುಗನೊಬ್ಬ ಬೈಕಿನಲ್ಲಿ ಲಡಾಖಿಗೆ ಹೋಗಿ ತನ್ನನ್ನು ಕಂಡುಕೊಂಡು ಬಂದ; ಬಂದವನೇ ರಾಜೀನಾಮೆ ಕೊಟ್ಟ. ನನಗೆ ಅಷ್ಟು ದೂರ ಹೋಗುವ ತ್ರಾಣವೂ ಇಲ್ಲ, ರಾಜೀನಾಮೆ ಕೊಡುವಷ್ಟು ಅನುಕೂಲವೂ ಇಲ್ಲ. ಆದ್ದರಿಂದ ಬೆಂಗಳೂರಿನಿಂದ ಹೊರಟು ಆಗುಂಬೆ ಘಾಟಿ ಇಳಿದು, ಉಡುಪಿಯಿಂದ ಕಾರವಾರದವರೆಗೆ ಕಡಲನ್ನು ಎಡಕ್ಕಿಟ್ಟುಕೊಂಡು ಹೋಗಿ, ಅರಬೈಲು ಘಾಟಿ ಹತ್ತಿ ವಾಪಸಾಗುವುದೆಂದು ನಿಶ್ಚಯಿಸಿದೆ.

"ಒಬ್ಬರೇಯಾ?" ಎಂದಳು ನನ್ನಾಕೆ. ಆ ದನಿಯಲ್ಲಿ ಆತಂಕಕ್ಕಿಂತ ನಿರಾಳವೇ ಹೆಚ್ಚಿದ್ದಂತೆ ಕೇಳಿಸಿತು. ಅಮ್ಮ ಮಾತ್ರ ಗಂಭೀರವಾಗಿ, "ಹೋಗೋದಾದ್ರೆ ಹೋಗು, ಸಮುದ್ರದ ಹತ್ತಿರ ಮಾತ್ರ ಹೋಗಬೇಡ" ಎಂದರು. ಕರಾವಳಿ ಪ್ರವಾಸಕ್ಕೆ ಇದಕ್ಕಿಂತ ಬಿಗಿಯಾದ ಷರತ್ತನ್ನು ಯಾವ ವಿಮಾ ಕಂಪನಿಯೂ ಹಾಕಲಾರದು. ಸುದ್ದಿ ಹಬ್ಬುತ್ತಿದ್ದಂತೆ, "ಹೇಗೂ ಗಾಡಿ ಖಾಲಿ ಹೋಗುತ್ತಲ್ಲ" ಎಂಬ ಪೀಠಿಕೆಯೊಂದಿಗೆ ಬೇಡಿಕೆಗಳು ಬರತೊಡಗಿದವು. ಅತ್ತಿಗೆಗೆ ಕುಚ್ಚಲಕ್ಕಿ, ಷಡ್ಡಕನಿಗೆ ಕೋಕಂ ಸಿಪ್ಪೆ, ಎದುರುಮನೆಯವರಿಗೆ ಗೇರುಬೀಜ, ಮೇಲಿನ ಮನೆಯವರಿಗೆ ಕುಮಟಾ ಈರುಳ್ಳಿ. ಏಕಾಂತ ಅರಸಿ ಹೊರಟವನು ಮಹಲ್ಲೆಯ ಅರ್ಧ ಜನರ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೊರಟೆ.

ಕಾರಿಗೂ ನನ್ನ ಒಂಟಿತನ ಒಪ್ಪಿಗೆಯಾಗಲಿಲ್ಲ. ಪಕ್ಕದ ಸೀಟಿನಲ್ಲಿ ಬ್ಯಾಗ್ ಇಟ್ಟಿದ್ದೇ ತಡ, ಯಾರೋ ಬೆಲ್ಟ್ ಹಾಕದೆ ಕುಳಿತಿದ್ದಾರೆಂದು ಕೀಂ ಕೀಂ ಎನ್ನತೊಡಗಿತು. ಬ್ಯಾಗಿಗೂ ಬೆಲ್ಟ್ ಬಿಗಿದೆ. ತುಮಕೂರು ದಾಟುವಷ್ಟರಲ್ಲಿ ಅದರ ಜೊತೆ ಮಾತಾಡಲು ಶುರುಮಾಡಿದ್ದೆ.

ಆಗುಂಬೆಯ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಭಾರಿ ಲಾರಿಗಳಿಗೆ ಇಲ್ಲಿ ಪ್ರವೇಶವಿಲ್ಲ, ಬಸ್ಸುಗಳೂ ಮಿನಿ ಬಸ್ಸುಗಳೇ. ತಿರುವಿನ ಕಟ್ಟೆಗಳ ಮೇಲೆ ಕೋತಿಗಳು ಸಂಸಾರ ಸಮೇತ ಕುಳಿತು ಬರುವ ವಾಹನಗಳ ಕಿಟಕಿ ತಪಾಸಣೆ ಮಾಡುತ್ತವೆ. ಇಳಿಯುವ ಮೊದಲು ಸೂರ್ಯಾಸ್ತದ ಕಟ್ಟೆಯ ಬಳಿ ನಿಲ್ಲಿಸಿದೆ. ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ಬಯಲಿನಾಚೆ ಅರಬ್ಬೀ ಸಮುದ್ರ ಕಾಣುತ್ತದೆ. ಸೂರ್ಯ ಕೆಂಪಗಾಗಿ, ನಾನೂ ಗಂಭೀರನಾಗಿ, ಏನೋ ಒಂದು ಒಳಗೆ ಹೊಳೆಯುವುದರಲ್ಲಿತ್ತು. ಅಷ್ಟರಲ್ಲಿ ಭುಜದ ಮೇಲೊಂದು ಕೈ ಬಿತ್ತು. "ಸರ್, ಒಬ್ರೇ ಇದ್ದೀರಾ? ನಮ್ಮದೊಂದು ಫೋಟೋ ತೆಗೀರಿ."

ಒಂಟಿ ಪ್ರಯಾಣಿಕನ ನಿಜವಾದ ಹುದ್ದೆ ಇದು. ಜೊತೆಗೆ ಹೆಂಡತಿ ಇಲ್ಲ, ಹೆಗಲ ಮೇಲೆ ಮಗು ಇಲ್ಲ, ಎರಡೂ ಕೈ ಖಾಲಿ. ಆದ್ದರಿಂದ ಅವನು ಸಾರ್ವಜನಿಕ ಸ್ವತ್ತು. ದಾವಣಗೆರೆಯ ಕುಟುಂಬ ಮುಗಿಯುವಷ್ಟರಲ್ಲಿ ಹಾಸನದವರು ಸಾಲಿನಲ್ಲಿದ್ದರು. ಅವರ ಹಿಂದೆ ಮದುವೆಯಾಗಿ ಇನ್ನೂ ಅರಿಶಿನ ಮಾಸದ ಜೋಡಿ. ಅವರಿಗೆ ಸೂರ್ಯ ಇಬ್ಬರ ಅಂಗೈಗಳ ನಡುವೆ ಬರಬೇಕಿತ್ತು. "ಸ್ವಲ್ಪ ಕೆಳಗೆ ಸರ್... ಇನ್ನೂ ಸ್ವಲ್ಪ..." ಎನ್ನುತ್ತ ನನ್ನನ್ನು ಮಂಡಿಯೂರಿಸಿದರು. ಅಂಗೈಗೆ ಸರಿಯಾಗಿ ಬಂದ ಸೂರ್ಯ ಮರುಕ್ಷಣವೇ ಮುಳುಗಿದ. ಆ ದಿನದ ಸೂರ್ಯಾಸ್ತವನ್ನು ನಾನು ನೋಡಿದ್ದು ಪರರ ಮೊಬೈಲಿನಲ್ಲಿ.

ರಾತ್ರಿ ಕರಾವಳಿಯ ಕ್ಷೇತ್ರವೊಂದರಲ್ಲಿ ರೂಮು ಕೇಳಿದೆ. ಮ್ಯಾನೇಜರು ನನ್ನ ಹಿಂದೆ ಇಣುಕಿ, ಕಾರಿನೊಳಗೆ ಇಣುಕಿ, ಬೆಲ್ಟ್ ಹಾಕಿಕೊಂಡು ಕುಳಿತ ಬ್ಯಾಗನ್ನು ನೋಡಿ ಮತ್ತಷ್ಟು ಸಂಶಯಪಟ್ಟರು. "ಒಬ್ಬರೇ ಬಂದದ್ದಾ ಮಾರಾಯ್ರೆ? ಒಬ್ಬರಿಗೆ ರೂಮು ಕೊಡುವ ಕ್ರಮ ಇಲ್ಲ. ಮನೆಯಲ್ಲಿ ಎಂತಾದರೂ ಗಲಾಟೆಯಾ?" ಗಲಾಟೆ ಇಲ್ಲವೆಂದು ನಾನು ಹೇಳಿದರೆ ನಂಬುವುದು ಹೇಗೆ? ಕೊನೆಗೆ ನನ್ನಾಕೆಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. "ಇಲ್ಲ ಸಾರ್, ಜಗಳ ಇನ್ನೂ ಆಗಿಲ್ಲ. ಅವರು ವಾಪಸ್ ಬಂದ ಮೇಲೆ ಇದೆ" ಎಂದಳು. ಮ್ಯಾನೇಜರಿಗೆ ಸಮಾಧಾನವಾಗಿ ಬೀಗದಕೈ ಕೊಟ್ಟರು. ಸ್ವತಂತ್ರ ಪ್ರವಾಸಿಗೆ ಹೀಗೆ ಧರ್ಮಪತ್ನಿಯ ಜಾಮೀನಿನ ಮೇಲೆ ನಿದ್ದೆ ಸಿಕ್ಕಿತು.

ಒಂಟಿಯಾಗಿ ಹೋದವನ ದೊಡ್ಡ ಸಂಕಟ ಹೊಟ್ಟೆಯದು. ಉಡುಪಿಯ ಹೋಟೆಲಿನಲ್ಲಿ ಗೋಳಿಬಜೆ, ಬನ್ಸ್, ನೀರುದೋಸೆ, ಮೇಲೆ ಗಡ್‌ಬಡ್ ಎಲ್ಲವೂ ಬೇಕು; ಹೊಟ್ಟೆ ಇರುವುದು ಒಂದೇ. ಕುಟುಂಬದೊಂದಿಗೆ ಬಂದವರು ಪರಸ್ಪರರ ತಟ್ಟೆಗೆ ಕೈಹಾಕಿ ಇಡೀ ಮೆನುವನ್ನೇ ಮುಗಿಸುತ್ತಾರೆ. ನಾನು ಬನ್ಸ್ ತಿನ್ನುತ್ತ ಪಕ್ಕದ ಮೇಜಿನ ಗೋಳಿಬಜೆಯನ್ನು ನೋಡುತ್ತ ಕುಳಿತಿದ್ದೆ. ಬಿಸಿ ಬಜೆಯನ್ನು ಮುರಿದಾಗ ಒಳಗಿನ ಬಿಳಿ ಮೆತ್ತನೆಯ ಬಲೆಯಿಂದ ಹಬೆ ಏಳುತ್ತದೆ. ಆ ಹಬೆ ಏಳುವಾಗಲೇ ಚಟ್ನಿಗೆ ಅದ್ದಬೇಕು. ಆ ಮೇಜಿನ ಅಜ್ಜಿಗೆ ನನ್ನ ನೋಟ ಅರ್ಥವಾಯಿತು. ಎರಡು ಬಜೆ ನನ್ನ ತಟ್ಟೆಗೆ ಬಿದ್ದವು. ಅದಕ್ಕೆ ಪ್ರತಿಯಾಗಿ ನನ್ನ ಊರು, ಉದ್ಯೋಗ, ಮಕ್ಕಳೆಷ್ಟು ಎಂಬ ಸಕಲ ವಿವರ ಕೊಡಬೇಕಾಯಿತು.

ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಮರವಂತೆಯಲ್ಲಿ ಬಲಕ್ಕೆ ಸೌಪರ್ಣಿಕಾ ನದಿ, ಎಡಕ್ಕೆ ಕಡಲು ಇಟ್ಟುಕೊಂಡು ನಡುವೆ ಓಡುತ್ತದೆ. ಈ ಸೊಬಗನ್ನು ಮೌನವಾಗಿ ಸವಿಯಬೇಕೆಂದಿದ್ದೆ. ಆದರೆ ಕುಂದಾಪುರ ದಾಟಿದ ಮೇಲೆ ಕೊಡೆ ಹಿಡಿದ ಹಿರಿಯರೊಬ್ಬರು ಬಸ್ಸಿಗೆ ಕೈ ಮಾಡುವಷ್ಟೇ ಹಕ್ಕಿನಿಂದ ನನ್ನ ಕಾರಿಗೆ ಕೈ ಅಡ್ಡ ಹಿಡಿದರು. "ಹ್ವಾಯ್, ಒಬ್ರೇ ಹೊರ್ಟದ್ದಾ?" ಎಂದವರೇ ಬ್ಯಾಗನ್ನು ಬೆಲ್ಟಿನಿಂದ ಬಿಡಿಸಿ, ಹಿಂದಕ್ಕೆ ಸಾಗಿಸಿ, ಕುಳಿತರು. ಮರವಂತೆ ಬಂದಾಗ ನಾನು ವೇಗ ತಗ್ಗಿಸಿ ಕಣ್ಣರಳಿಸಿದೆ. ಅವರಿಗೆ ಸಹನೆ ತಪ್ಪಿತು. "ಕಡ್ಲ್ ಎಂತ ಕಾಂಬುದ್? ದಿನಾ ಇಪ್ಪುದೇ ಅಲ್ದಾ!" ಅವರಿಗೆ ಬೈಂದೂರಿನ ಬ್ಯಾಂಕು ಮಧ್ಯಾಹ್ನದ ಊಟಕ್ಕೆ ಏಳುವುದರೊಳಗೆ ತಲುಪಬೇಕಿತ್ತು. ಪ್ರಕೃತಿ ಸೌಂದರ್ಯವನ್ನು ನಾಲ್ಕನೆಯ ಗೇರಿನಲ್ಲಿ ಆಸ್ವಾದಿಸಿದೆ.

ಮುರ್ಡೇಶ್ವರದ ಶಿವ 123 ಅಡಿ ಎತ್ತರ. ಅಲ್ಲಿ ಮತ್ತೆ ನನ್ನ ಹುದ್ದೆ ಕಾದಿತ್ತು. ಶಿವನ ಕಿರೀಟವೂ ತುಂಡಾಗಬಾರದು, ಅತ್ತೆಯವರ ಜರಿಯಂಚೂ ಬಿಟ್ಟುಹೋಗಬಾರದು ಎಂಬ ಬೇಡಿಕೆಯೊಂದಿಗೆ ಒಂದು ತುಂಬು ಕುಟುಂಬ ಮೊಬೈಲು ಕೊಟ್ಟಿತು. ಇದಕ್ಕೆ ಇರುವುದು ಒಂದೇ ಉಪಾಯ: ಮಲಗುವುದು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ನಾನು ಅಂಗಾತ ಬಿದ್ದಿದ್ದನ್ನು ಕಂಡ ಯಾತ್ರಿಕರಿಬ್ಬರು ಹರಕೆ ಇರಬೇಕೆಂದು ಕೈಮುಗಿದು ಹೋದರು.

ಕುಮಟಾ ಹತ್ತಿರ ಬೇಸಿಗೆಯಲ್ಲಿ ಹೆದ್ದಾರಿಯ ಬದಿಯೆಲ್ಲ ಈರುಳ್ಳಿಯೇ. ಒಣಗಿದ ಎಲೆಗಳನ್ನು ಹೆಣೆದು ಕಟ್ಟಿದ ಗೊಂಚಲುಗಳನ್ನು ಸಾಲಾಗಿ ತೂಗುಹಾಕಿರುತ್ತಾರೆ. ಇದು ಖಾರವಿಲ್ಲದ ಸಿಹಿ ಈರುಳ್ಳಿ, ಹೆಚ್ಚುವಾಗ ಕಣ್ಣೀರು ತರಿಸುವುದು ಕಡಿಮೆ. ಒಂದು ಗೊಂಚಲು ಸಾಕೆಂದೆ. ಮಾರುವ ಹೆಂಗಸು ಕಾರಿನ ಹಿಂದಿನ ಸೀಟು ನೋಡಿ, "ಜಾಗ ಉಂಟಲ್ರಾ! ತಕಂಡು ಹೋಗಿ, ಮನೆಲಿ ಇದ್ದವರಿಗೆ ಬೇಕಲ್ರಾ" ಎಂದರು. ಮನೆಯಲ್ಲಿ ಇದ್ದವರ ಹೆಸರೆತ್ತಿದ ಮೇಲೆ ಚೌಕಾಸಿ ಮಾಡುವ ಗಂಡಸು ಇನ್ನೂ ಹುಟ್ಟಿಲ್ಲ. ಅಲ್ಲಿಂದ ಮುಂದೆ, ಎಲ್ಲೂ ಅಣೆಕಟ್ಟಿಲ್ಲದೆ ಹರಿದು ಬರುವ ಅಘನಾಶಿನಿಯನ್ನು ದಾಟುವಾಗ ಇಡೀ ಕಾರು ಈರುಳ್ಳಿ ಮಂಡಿಯ ವಾಸನೆ ಹೊಡೆಯುತ್ತಿತ್ತು.

ಕಾರವಾರ ತಲುಪಿ ಠಾಗೋರ್ ಕಡಲತೀರದಲ್ಲಿ ಕುಳಿತಾಗ ಸ್ವಲ್ಪ ಧೈರ್ಯ ಬಂತು. ಯುವಕ ರವೀಂದ್ರನಾಥ ಠಾಗೋರರು ಈ ಊರಿನಲ್ಲಿ ಉಳಿದು, ಈ ಮರಳಿನಲ್ಲಿ ಓಡಾಡಿ 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದರು. ಸ್ನೇಹ ಮಮತೆಗಳನ್ನೆಲ್ಲ ಕಡಿದುಕೊಂಡು ಪ್ರಕೃತಿಯನ್ನೇ ಗೆಲ್ಲುತ್ತೇನೆಂದು ಹೊರಟ ಸನ್ಯಾಸಿಯೊಬ್ಬನನ್ನು ಪುಟ್ಟ ಹುಡುಗಿಯೊಬ್ಬಳು ಮತ್ತೆ ಲೋಕಕ್ಕೆ ಎಳೆದು ತರುವ ಕಥೆ ಅದು. ಅಂಥ ನಾಟಕ ಬರೆಯಲು ಕವಿ ಒಂಟಿಯಾಗಿ ಬಂದಿದ್ದರೇ ಎಂದರೆ ಅದೂ ಇಲ್ಲ. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತುಂಬು ಬಳಗದ ನಡುವೆ ಇದ್ದರು. ಕಾಳಿ ನದಿಯ ದೋಣಿವಿಹಾರಕ್ಕೂ ಜೊತೆಗೆ ಜನ. ಇಲ್ಲಿಂದ ವಾಪಸಾದ ಸ್ವಲ್ಪ ದಿನಕ್ಕೇ, 1883ರ ಡಿಸೆಂಬರಿನಲ್ಲಿ, ಅವರ ಮದುವೆಯೂ ಆಯಿತು. ಸನ್ಯಾಸಿಯ ನಾಟಕ ಬರೆದವರನ್ನೇ ಕಾರವಾರ ಹಸೆಮಣೆಗೆ ಕಳಿಸಿತೆಂದ ಮೇಲೆ ನನ್ನಂಥವನ ಏಕಾಂತಕ್ಕೆ ಅದು ಸೊಪ್ಪು ಹಾಕೀತೇ?

ಅರಬೈಲು ಘಾಟಿಯಲ್ಲಿ ಉಸಿರುಗಟ್ಟಿ ಏರುವ ಲಾರಿಗಳ ಹಿಂದೆ ಹತ್ತುತ್ತ ನನಗೆ ಹೊಳೆದದ್ದು ಇಷ್ಟು: ನಮ್ಮ ದಾರಿಗಳಲ್ಲಿ ಒಬ್ಬನೇ ಇರುವುದು ಆಗದ ಮಾತು. ನಿಜವಾಗಿ ಒಂಟಿಯಾಗಿರಬೇಕೆನ್ನುವವರು ಪೆಟ್ರೋಲು ಸುಡಬೇಕಾಗಿಯೂ ಇಲ್ಲ. ರಾತ್ರಿ ಊಟವಾದ ಮೇಲೆ ನಮ್ಮ ನಡುಮನೆಗೆ ಬಂದು ಕುಳಿತರೆ ಸಾಕು. ಮೂರು ಜನ, ಮೂರು ಮೊಬೈಲು. ಯಾವಾಗ ಬಂದಿರಿ, ಎಲ್ಲಿಗೆ ಹೊರಟಿರಿ ಎಂದು ಒಬ್ಬರೂ ತಲೆಯೆತ್ತಿ ಕೇಳುವುದಿಲ್ಲ. ವೈಫೈ ಪಾಸ್‌ವರ್ಡ್ ಮಾತ್ರ ನನ್ನನ್ನು ಕೇಳಬೇಡಿ. ಅದನ್ನು ನನಗೂ ಹೇಳಿಲ್ಲ.